ನೆರೆ ಇಳಿದ ಮೇಲೆ ನೆರೆಯವರ ಕೆಲಸ

2005ರ ಸೆಪ್ಟೆಂಬರ್ 8. ಕತ್ರಿನಾ ಚಂಡಮಾರುತದ ಸಂತ್ರಸ್ತರ ನೆರವಿಗೆ ಮೆಕ್ಸಿಕೋ ಸೇನೆಯ ಸುಮಾರು 45 ವಾಹನಗಳು ಗಡಿಯ ರಿಯೋ ಗ್ರಾಂಡೆ ನದಿಯ ಸೇತುವೆ ದಾಟಿ ಅಮೆರಿಕದ ಟೆಕ್ಸಾಸಿನ ಲರೇಡೊ ಊರಿಗೆ ಬಂದವು. ಜೊತೆಗೆ ಹೆಚ್ಚುಕಡಿಮೆ 200 ಮಂದಿ: ಅಡುಗೆಯವರು, ಎಂಜಿನಿಯರುಗಳು, ವೈದ್ಯರು, ನರ್ಸುಗಳು. ಯಾರ ಹೆಗಲಲ್ಲೂ ಬಂದೂಕಿರಲಿಲ್ಲ. ಲಾರಿಗಳಲ್ಲಿ ಸಂಚಾರಿ ಅಡುಗೆಮನೆ, ನೀರು ಶುದ್ಧ ಮಾಡುವ ಘಟಕ, ದಿನಸಿ, ಕಂಬಳಿ. ಮೆಕ್ಸಿಕೋದ ಸೇನಾ ತುಕಡಿಯೊಂದು ಹೀಗೆ ಗಡಿ ದಾಟಿದ್ದು ಎರಡೂ ದೇಶಗಳ ನಡುವಿನ 1846ರ ಯುದ್ಧದ ನಂತರ ಇದೇ ಮೊದಲು ಎಂದು ಆಗ ಪತ್ರಿಕೆಗಳು ಬರೆದವು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯವರೇ ಅನ್ನ ಸಾರು ಮಾಡಿ ತರುತ್ತಾರೆ. ಹಳೇ ಜಗಳ ಆಗ ಯಾರಿಗೂ ನೆನಪಾಗುವುದಿಲ್ಲ. ಆ ಸಾಲು ಲಾರಿಗಳು ಮಾಡಿದ್ದೂ ಅದನ್ನೇ.

ಕತ್ರಿನಾ ಚಂಡಮಾರುತ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿದ್ದು ಆಗಸ್ಟ್ 29ಕ್ಕೆ. ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ್ದು ಮುಖ್ಯವಾಗಿ ಗಾಳಿ ಮಳೆಯಲ್ಲ, ಕಾಲುವೆಗಳ ತಡೆಗೋಡೆ ಒಡೆದು ನುಗ್ಗಿದ ನೀರು. ಊರಿನ ಶೇ. 80ರಷ್ಟು ಭಾಗ ನೀರಿನಡಿ ಹೋಯಿತು. ಜನ ಹ್ಯೂಸ್ಟನ್, ಬ್ಯಾಟನ್ ರೂಜ್, ಸ್ಯಾನ್ ಆಂಟೋನಿಯೊ ಹೀಗೆ ದಿಕ್ಕಾಪಾಲಾದರು. ಮೆಕ್ಸಿಕೋದ ತಂಡ ಮುಳುಗಿದ ಊರಿಗೆ ಹೋಗಲೇ ಇಲ್ಲ. ಲರೇಡೊದಿಂದ ನೇರ ಸ್ಯಾನ್ ಆಂಟೋನಿಯೊದ ಹಳೇ ಕೆಲ್ಲಿ ವಾಯುನೆಲೆಗೆ ಹೋಗಿ, ಅಲ್ಲಿ ಆಶ್ರಯ ಪಡೆದಿದ್ದವರಿಗೆ ಅಡುಗೆ ಮಾಡಲು ನಿಂತಿತು. ಇದನ್ನು ಕೆಲವರು ಕಡಿಮೆ ಮಾಡಿ ನೋಡುತ್ತಾರೆ. ನನ್ನ ಪ್ರಕಾರ ಆ ದಿನಗಳ ಅತ್ಯಂತ ವಿವೇಕದ ನಿರ್ಧಾರ ಇದೇ. ಮುಳುಗಿದ ಊರಿಗೆ ಹೋದ ಪ್ರತಿ ಲಾರಿಯೂ ಅಲ್ಲಿಯ ಡೀಸೆಲ್ ಕುಡಿಯುತ್ತದೆ, ಅಲ್ಲಿಯ ಕಿರಿದಾದ ದಾರಿ ಅಡ್ಡಗಟ್ಟುತ್ತದೆ. ಜನ ಎಲ್ಲಿದ್ದಾರೋ ಒಲೆ ಅಲ್ಲಿ ಉರಿಯಬೇಕು.

ಸುಮಾರು 20 ದಿನಗಳಲ್ಲಿ ಅವರು ಬಡಿಸಿದ ಊಟ ಸುಮಾರು 1,70,000. ದಿನಕ್ಕೆ ಎಂಟೂವರೆ ಸಾವಿರ ಊಟ, ಮೂರು ಹೊತ್ತಿನ ಲೆಕ್ಕ ಹಿಡಿದರೆ 2,800 ಜನ. ಪರಿಹಾರ ಕೆಲಸದ ಅಳತೆಯಲ್ಲಿ ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಆಹಾರ, ಕುಡಿಯಲು ಅಡುಗೆಗೆ ತೊಳೆಯಲು ಸೇರಿ 15 ಲೀಟರ್ ನೀರು ಬೇಕು. 2,800 ಜನಕ್ಕೆ ದಿನಕ್ಕೆ 42,000 ಲೀಟರ್. 10,000 ಲೀಟರಿನ ಟ್ಯಾಂಕರ್ ನಾಲ್ಕು ಸಲ ಬಂದರೂ ಸಾಲದು. 20 ಜನಕ್ಕೊಂದರಂತೆ 140 ಶೌಚಾಲಯ ಬೇಕು. ಅಡುಗೆ ತಂಡವೊಂದು ಬಂತು ಅಂದರೆ ಇಷ್ಟೆಲ್ಲ ಹಿಂದೆಯೇ ಬರಬೇಕು. ನೀರು, ಇಂಧನ, ತಮ್ಮ ತಂಡದ ಮಲಗುವ ಜಾಗ, ಕೆಟ್ಟರೆ ಬದಲಿಸುವ ಬಿಡಿಭಾಗ, ಇವನ್ನು ಹೊತ್ತು ತರದ ತಂಡ ಎರಡನೇ ದಿನಕ್ಕೆ ತಾನೇ ಸಂತ್ರಸ್ತರ ಸಾಲಿನಲ್ಲಿ ನಿಲ್ಲುತ್ತದೆ.

ನೀರಿನ ವಿಷಯದಲ್ಲಿ ತಪ್ಪಾಗುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಘಟಕದಿಂದ ಹೊರಬಂದಾಗ ಚೊಕ್ಕಟವಾಗಿದ್ದ ನೀರು ಕೊಳಕು ಬಕೆಟ್ಟಿಗೆ ಬಿದ್ದ ಕೂಡಲೇ ಕೆಡುತ್ತದೆ. ಅದಕ್ಕೇ ನಲ್ಲಿಯ ತುದಿಯಲ್ಲೂ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಘಟಕವಿಲ್ಲದ ಕಡೆ ಮನೆಬಳಕೆಯ, ವಾಸನೆ ಬೆರೆಸದ ಶೇ. 6ರ ಬ್ಲೀಚು ಲೀಟರಿಗೆ ಎರಡು ಹನಿ ಹಾಕಿ ಕಲಕಿ ಅರ್ಧ ಗಂಟೆ ಬಿಡಬೇಕು. ನೀರು ಕದಡಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೆ ನಾಲ್ಕು ಹನಿ. ಸೋಸದೆ ಹಾಕಿದರೆ ಕ್ಲೋರಿನ್ ಕೆಸರಿನ ಜೊತೆಯೇ ಸೆಣಸಿ ಮುಗಿದುಹೋಗುತ್ತದೆ.

ಈಗ ನಾನು ಹೇಳಲೇಬೇಕಾದ ಮಾತು. ನೆರವು ಕೊಡುವುದಕ್ಕಿಂತ ನೆರವು ತೆಗೆದುಕೊಳ್ಳುವುದು ಕಷ್ಟದ ಕೆಲಸ. ಜಗತ್ತಿಗೆಲ್ಲ ನೆರವು ಹಂಚಿ ಅಭ್ಯಾಸವಿದ್ದ ಅಮೆರಿಕದ ಹತ್ತಿರ, ಬಂದ ನೆರವನ್ನು ಎಣಿಸಿ, ಪರೀಕ್ಷಿಸಿ, ಬೇಕಾದಲ್ಲಿಗೆ ಕಳಿಸುವ ವ್ಯವಸ್ಥೆ 2005ರಲ್ಲಿ ಸಿದ್ಧವಿರಲಿಲ್ಲ. ಬ್ರಿಟನ್ ಕಳಿಸಿದ ಸೈನಿಕರ ಸಿದ್ಧ ಊಟದ ಪೊಟ್ಟಣಗಳ ಕಥೆ ನೋಡಿ. ಲಕ್ಷಗಟ್ಟಲೆ ಪೊಟ್ಟಣ ವಿಮಾನದಲ್ಲಿ ಬಂದಿಳಿದವು. ಹುಚ್ಚು ಹಸು ರೋಗದ ಕಾರಣ ಬ್ರಿಟನ್ನಿನ ದನದ ಮಾಂಸಕ್ಕೆ ಅಮೆರಿಕದಲ್ಲಿ ಆಮದು ನಿಷೇಧ ಇತ್ತು. ವಿಮಾನ ಏರುವ ಮೊದಲು ಪೊಟ್ಟಣದೊಳಗೆ ಏನಿದೆ ಎಂದು ಸರಿಯಾದ ಪರೀಕ್ಷೆ ಆಗಿರಲಿಲ್ಲ. ಅರ್ಕನ್ಸಾ ರಾಜ್ಯದ ಗೋದಾಮಿನಲ್ಲಿ ರಾಶಿ ಬಿದ್ದವು, ಬಾಡಿಗೆ ಬೆಳೆಯಿತು. ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ನಿಯಮ ಮೊದಲೇ ಇತ್ತು, ಅದನ್ನು ಕಳಿಸುವವರಿಗೆ ಒಂದು ಹಾಳೆಯಲ್ಲಿ ಬರೆದು ತಿಳಿಸಬೇಕಿತ್ತು. ಏನು ಬೇಕು, ಎಷ್ಟು ಬೇಕು, ಯಾವ ನಿಲ್ದಾಣಕ್ಕೆ ಬರಲಿ, ಯಾರು ಸಹಿ ಹಾಕಿ ಪಡೆಯುತ್ತಾರೆ, ಏನು ಬೇಡ. ಈ ಐದೇ ಸಾಲು. ನಮ್ಮ ವಾಯುಪಡೆಯ ಐಎಲ್-76 ವಿಮಾನ ಅದೇ ಅರ್ಕನ್ಸಾದ ಲಿಟಲ್ ರಾಕ್ ನೆಲೆಗೆ 25 ಟನ್ ಕಂಬಳಿ, ಹೊದಿಕೆ, ಟಾರ್ಪಾಲು ಮುಂತಾದವನ್ನು ಒಯ್ದಿತ್ತು. ಕೊಳೆಯದ, ಯಾವ ತಪಾಸಣೆಗೂ ಸಿಕ್ಕಿಬೀಳದ ಸಾಮಾನು.

ಔಷಧದ ವಿಷಯ ಇನ್ನೂ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಸರಳ: ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಬಾಕಿ ಇರಲಿ, ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಮೂಲ ಔಷಧದ ಹೆಸರೂ ಇರಲಿ, ಪಡೆಯುವವರಿಗೆ ಓದಲು ಬರುವ ಭಾಷೆಯಲ್ಲಿರಲಿ. ಇಷ್ಟು ಪಾಲಿಸದ ಪೆಟ್ಟಿಗೆ ವಿಂಗಡಿಸಲು ಒಬ್ಬ ಫಾರ್ಮಸಿಸ್ಟಿನ ಇಡೀ ದಿನ ಹೋಗುತ್ತದೆ. ಕ್ಯೂಬಾ ಇನ್ನೂ ಮುಂದೆ ಹೋಗಿ 1,586 ವೈದ್ಯರನ್ನೇ ಕಳಿಸಲು ಸಿದ್ಧವಾಯಿತು. ಪ್ರತಿಯೊಬ್ಬರ ಬೆನ್ನಿಗೂ ಔಷಧ ತುಂಬಿದ ಚೀಲ. ಹವಾನಾದಿಂದ ನ್ಯೂ ಆರ್ಲಿಯನ್ಸ್ ಸುಮಾರು 1,100 ಕಿಲೋಮೀಟರ್. ಆ ತಂಡಕ್ಕೆ ಇಟ್ಟ ಹೆಸರು ಕ್ಯೂಬಾದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಅಮೆರಿಕದವನೊಬ್ಬನದು, ಹೆನ್ರಿ ರೀವ್. ಅಮೆರಿಕ ಒಪ್ಪಲಿಲ್ಲ. ರಾಜಕಾರಣ ಗೊತ್ತಿದ್ದೂ ಇದನ್ನು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ಪ್ರವಾಹದ ನಂತರ ಆಸ್ಪತ್ರೆ ಹುಡುಕುವವರಲ್ಲಿ ಗಾಯಾಳುಗಳಿಗಿಂತ ಸಕ್ಕರೆ ಕಾಯಿಲೆಯವರು, ಬಿಪಿಯವರು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದವರೇ ಹೆಚ್ಚು. ಅವರಿಗೆ ಬೇಕಿದ್ದದ್ದು ದೊಡ್ಡ ಯಂತ್ರವಲ್ಲ. ಮಾತ್ರೆ ಬರೆದುಕೊಡುವ, ಇನ್ಸುಲಿನ್ ತಂಪಾಗಿಟ್ಟು ಕೊಡುವ ವೈದ್ಯರು. ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ಭೂಕಂಪವಾದಾಗ ಅದೇ ಹೆನ್ರಿ ರೀವ್ ದಳ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ದುಡಿಯಿತು.

ಕೆನಡಾ ಬೇಗ ಬಂತು. ವ್ಯಾಂಕೂವರಿನ ಶೋಧ ಮತ್ತು ರಕ್ಷಣಾ ತಂಡ ನ್ಯೂ ಆರ್ಲಿಯನ್ಸ್ ಪಕ್ಕದ ಸೇಂಟ್ ಬರ್ನಾರ್ಡ್ ಪ್ಯಾರಿಷಿಗೆ (ಲೂಸಿಯಾನಾದಲ್ಲಿ ಜಿಲ್ಲೆಗೆ ಹಾಗೆನ್ನುತ್ತಾರೆ) ಮೊದಲ ವಾರದೊಳಗೇ ಮುಟ್ಟಿ ನೂರಕ್ಕೂ ಹೆಚ್ಚು ಜನರನ್ನು ಹೊರತೆಗೆಯಿತು. ಸೆಪ್ಟೆಂಬರ್ 6ಕ್ಕೆ ಹ್ಯಾಲಿಫ್ಯಾಕ್ಸ್ ಬಂದರಿನಿಂದ ಮೂರು ಯುದ್ಧನೌಕೆ, ಒಂದು ಕರಾವಳಿ ಪಡೆಯ ಹಡಗು ಹೊರಟವು. ಹಡಗಿನ ಲಾಭ ಏನೆಂದರೆ ಅದು ತನ್ನ ಕರೆಂಟು, ನೀರು, ಅಡುಗೆ, ಹಾಸಿಗೆ, ವರ್ಕ್‌ಶಾಪು ಎಲ್ಲವನ್ನೂ ಹೊತ್ತ ಒಂದು ಬೀದಿ. ತೊಂದರೆ ಏನೆಂದರೆ ನಿಧಾನ.

ನೆರೆಯ ದೇಶದ ನೆರವಿಗೆ ದೂರದ ದೇಶದ್ದಕ್ಕಿಂತ ಒಂದು ದೊಡ್ಡ ಅನುಕೂಲವಿದೆ, ಅದನ್ನು ಯಾರೂ ಮಾತಾಡುವುದಿಲ್ಲ: ವಿದ್ಯುತ್. ಅಮೆರಿಕ, ಕೆನಡಾ, ಮೆಕ್ಸಿಕೋ ಮೂರರಲ್ಲೂ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ಮನೆಯಲ್ಲಿ 120 ವೋಲ್ಟ್ ಆಸುಪಾಸು. ಒಂದು ಕಡೆಯ ಜನರೇಟರಿಗೆ ಇನ್ನೊಂದು ಕಡೆಯ ಮೋಟರನ್ನು ಹಚ್ಚಬಹುದು. ಯುರೋಪಿನ 50 ಹರ್ಟ್ಸಿನ ಪಂಪು ತಂದರೆ ಅದರ ಜನರೇಟರನ್ನೂ ತರಬೇಕು, ಹೋಸಿನ ಜೋಡಣೆಯೂ ಬೇರೆ ಅಳತೆ. ಜರ್ಮನಿಯ ಸರ್ಕಾರಿ ತಾಂತ್ರಿಕ ಪರಿಹಾರ ದಳ ದೊಡ್ಡ ಪಂಪುಗಳೊಂದಿಗೆ ನ್ಯೂ ಆರ್ಲಿಯನ್ಸಿಗೆ ಬಂದು ಒಳ್ಳೆಯ ಕೆಲಸ ಮಾಡಿದ್ದು ಪಂಪನ್ನೂ ಅದನ್ನು ನಡೆಸುವವರನ್ನೂ ಒಟ್ಟಿಗೇ ತಂದಿದ್ದರಿಂದ. ನ್ಯೂ ಆರ್ಲಿಯನ್ಸಿಗಂತೂ ಇನ್ನೊಂದು ತೊಡಕಿತ್ತು. ಮಳೆನೀರು ಹೊರಹಾಕುವ ಅದರ ನೂರು ವರ್ಷ ಹಳೆಯ ಪಂಪುಗಳಲ್ಲಿ ಬಹಳಷ್ಟು ಆಗ 25 ಹರ್ಟ್ಸಿನವು, ನಗರದ ಸ್ವಂತ ಟರ್ಬೈನುಗಳಿಂದ ನಡೆಯುತ್ತಿದ್ದಂಥವು. ಹೊರಗಿನ ಯಾವ ಲೈನನ್ನೂ ನೇರ ಕೊಡಲಾಗುತ್ತಿರಲಿಲ್ಲ, ನಡುವೆ ಆವರ್ತನ ಬದಲಿಸುವ ಯಂತ್ರ ಬೇಕಿತ್ತು. ಬಟ್ಟಲಿನಂಥ ಊರು, ಒಳಗಿನ ನೀರು ಹೊರಗಿನ ಸರೋವರದ ಮಟ್ಟಕ್ಕೇ ಬಂದು ನಿಂತಿತ್ತು. ಒಡೆದ ಬಾಯಿಗಳನ್ನು ಮುಚ್ಚದೆ ಪಂಪು ಮಾಡಿದರೆ ತೆಗೆದ ನೀರೇ ತಿರುಗಿ ಒಳಬರುತ್ತದೆ. ಹೆಲಿಕಾಪ್ಟರಿನಿಂದ ಭಾರೀ ಮರಳುಮೂಟೆ ಇಳಿಸಿ ಬಾಯಿ ಮುಚ್ಚಿ, ಸರೋವರ ಇಳಿದಾಗ ಕೆಲವು ಕಡೆ ಬೇಕೆಂದೇ ಏರಿ ಕಡಿದು ನೀರು ಹರಿಯಬಿಟ್ಟು, ನಡುವೆ ರೀಟಾ ಚಂಡಮಾರುತ ಮತ್ತೆ ನೀರು ತುಂಬಿಸಿ, ಅಂತೂ ಅಕ್ಟೋಬರ್ 11ಕ್ಕೆ ನೀರು ಪೂರ್ತಿ ಹೊರಗೆ ಹೋಯಿತು. 43 ದಿನ.

ಲೈನ್‌ಮನ್‌ಗಳ ಬಗ್ಗೆಯೂ ಹೇಳಬೇಕು. 1998ರ ಹಿಮಗಾಳಿಯಲ್ಲಿ ಕ್ವಿಬೆಕ್‌ನ ಕಂಬಗಳು ನೆಲಕಚ್ಚಿದಾಗ ಅಮೆರಿಕದವರು ಹೋದರು, 2012ರ ಸ್ಯಾಂಡಿ ಚಂಡಮಾರುತದ ನಂತರ ಹೈಡ್ರೋ-ಕ್ವಿಬೆಕ್‌ನವರು ಅಮೆರಿಕಕ್ಕೆ ಬಂದರು. ಹೊರಗಿನಿಂದ ಬಂದ ಲೈನ್‌ಮನ್‌ಗೆ ಯಾವ ಮನೆಯಲ್ಲಿ ಜನರೇಟರ್ ಓಡುತ್ತಿದೆ ಎಂದು ತಿಳಿಯದು. ಮೇನ್ ಸ್ವಿಚ್ ಇಳಿಸದೆ ಯಾರಾದರೂ ಮನೆಯ ಸಾಕೆಟ್ಟಿಗೇ ಜನರೇಟರ್ ಹಚ್ಚಿದರೆ ಆ 240 ವೋಲ್ಟು ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹೋಗಿ ಮೇಲಿನ ತಂತಿಯಲ್ಲಿ 7,200 ವೋಲ್ಟ್ ಆಗುತ್ತದೆ. ಅದಕ್ಕೇ ಸತ್ತ ಲೈನನ್ನೂ ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿ ಅರ್ಥಿಂಗ್ ಕಟ್ಟಿದ ಮೇಲೆಯೇ ಕೈ ಹಾಕುವುದು. ಜನರೇಟರನ್ನು ಮನೆಯಿಂದ ಕನಿಷ್ಠ ಆರು ಮೀಟರ್ ದೂರ ಇಡಬೇಕು. ಚಂಡಮಾರುತದಿಂದ ಪಾರಾಗಿ ಬಂದವರು ಅದರ ಹೊಗೆಯಿಂದ ನಿದ್ದೆಯಲ್ಲೇ ಸಾಯುವುದು ಪ್ರತಿ ಸಲ ನಡೆಯುತ್ತಿದೆ.

ಹಣದ ಲೆಕ್ಕ ಬೇಸರದ್ದು. ಮಿತ್ರ ದೇಶಗಳು ನಗದಾಗಿ, ಮಾರಿ ಹಣ ಮಾಡುವ ಎಣ್ಣೆಯಾಗಿ ಕೊಡುತ್ತೇವೆಂದದ್ದು 85.4 ಕೋಟಿ ಡಾಲರ್. 2007ರ ವಸಂತದ ಹೊತ್ತಿಗೆ ಸಂತ್ರಸ್ತರಿಗಾಗಿ ಬಳಕೆಯಾಗಿದ್ದು ಸುಮಾರು 4 ಕೋಟಿ. ಕತ್ರಿನಾದ ನಂತರ ಅಮೆರಿಕ ವಿದೇಶಿ ನೆರವು ಪಡೆಯುವ ಕ್ರಮವನ್ನು ಬರಹಕ್ಕಿಳಿಸಿತು, 2007ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಸಮ್ಮೇಳನ ಎಲ್ಲ ದೇಶಗಳಿಗೂ ಇಂಥ ಮಾರ್ಗಸೂಚಿ ಒಪ್ಪಿತು.

ಸರ್ಕಾರಗಳ ಮಾತಾಯಿತು. ಆದರೆ ನೀರು ಹೋದ ಮೇಲೆ ಊರನ್ನು ಕೈಯಾರೆ ಎತ್ತಿ ನಿಲ್ಲಿಸಿದ ನೆರೆಯವರು ಯಾವ ಪಟ್ಟಿಯಲ್ಲೂ ಇಲ್ಲ. ಮೆಕ್ಸಿಕೋ, ಹೊಂಡುರಾಸ್, ಗ್ವಾಟೆಮಾಲಾದ ಕೂಲಿಗಳು. ಹೊಂಡುರಾಸಿಗೂ ನ್ಯೂ ಆರ್ಲಿಯನ್ಸಿಗೂ ಬಾಳೆಹಣ್ಣಿನ ಹಡಗುಗಳ ಕಾಲದಿಂದ ನಂಟು. 2006ರ ಅಧ್ಯಯನವೊಂದರ ಪ್ರಕಾರ ಕಟ್ಟಡ ಕೆಲಸದವರಲ್ಲಿ ಹತ್ತಿರ ಅರ್ಧ ಮಂದಿ ಲ್ಯಾಟಿನ್ ಅಮೆರಿಕ ಮೂಲದವರು, ಒಟ್ಟು ಕೆಲಸದವರಲ್ಲಿ ಕಾಲು ಭಾಗಕ್ಕೆ ದಾಖಲೆ ಇರಲಿಲ್ಲ.

ಅವರ ಕೆಲಸ ಏನೆಂದು ತಿಳಿಯಬೇಕು. ವಾರಗಟ್ಟಲೆ ನೀರಲ್ಲಿ ನಿಂತ ಮನೆ. ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು. ಮೊದಲು ಗ್ಯಾಸು, ಮೇನು ಬಂದ್. ಎನ್95 ಮುಖಗವಸು, ಉದ್ದ ಬೂಟು. ಫ್ರಿಜ್ಜಿನ ಬಾಗಿಲು ತೆರೆಯಬಾರದು, ಟೇಪು ಸುತ್ತಿ ಹಾಗೇ ಬೀದಿಗೆ. ಆಮೇಲೆ ಗೋಡೆ. ಅಲ್ಲಿಯ ಮನೆ ಮರದ ಚೌಕಟ್ಟು, ಮೇಲೆ ಜಿಪ್ಸಮ್ ಹಲಗೆ. ಹಲಗೆ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುವುದರಿಂದ ನೀರಿನ ಗುರುತಿಗಿಂತ ಕನಿಷ್ಠ ಎರಡಡಿ ಮೇಲಿನವರೆಗೆ ಕತ್ತರಿಸಬೇಕು. ಒಳಗಿನ ಹತ್ತಿಯಂಥ ಇನ್ಸುಲೇಷನ್ ಪೂರ್ತಿ ಹೊರಗೆ. ಮೊಳೆ ಕಿತ್ತು, ಮರವನ್ನು ಕೆರೆದು, ಸೋಪಿನ ನೀರಲ್ಲಿ ತೊಳೆದು, ಒಣಗಲು ಬಿಟ್ಟು ತೇವಮಾಪಕ ಹಿಡಿಯಬೇಕು. ಶೇ. 15ಕ್ಕಿಂತ ಕೆಳಗಿಳಿಯುವ ಮುನ್ನ ಹೊಸ ಹಲಗೆ ಹೊಡೆದರೆ ಒಳಗೊಳಗೇ ಬೂಷ್ಟು ಬೆಳೆದು ಎಲ್ಲವನ್ನೂ ಎರಡನೇ ಸಲ ಕೀಳಬೇಕಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ, ಹಳೆಯ ಹಾಸಿನಲ್ಲಿ ಕಲ್ನಾರು ಇರಬಹುದು, ಒಣದಾಗಿ ಕೆರೆದರೆ ದೂಳು ಶ್ವಾಸಕೋಶಕ್ಕೆ. ಸೈಪ್ರೆಸ್ ಮರದ, ಗಾರೆಯ ಹಳೇ ಮನೆಗಳು ಹೊಸವಕ್ಕಿಂತ ಚೆನ್ನಾಗಿ ತಾಳಿಕೊಂಡವು. ಸೂರಿಗೆ ನೀಲಿ ಟಾರ್ಪಾಲು ಹೊದಿಸುವಾಗ ಅಂಚನ್ನು ಮರದ ಪಟ್ಟಿಗೆ ಸುತ್ತಿ ಪಟ್ಟಿಯನ್ನೇ ಮೊಳೆ ಹೊಡೆಯಬೇಕು, ಅಂಚಿನ ತೂತುಗಳಿಗೆ ಮಾತ್ರ ಹಗ್ಗ ಕಟ್ಟಿದರೆ ಮೊದಲ ಗಾಳಿಗೇ ಹರಿಯುತ್ತದೆ.

ಈ ಕೆಲಸವನ್ನು ಬಹಳ ಮಂದಿ ಸರಿಯಾದ ಮುಖಗವಸೂ ಇಲ್ಲದೆ ಮಾಡಿದರು. ಸೆಪ್ಟೆಂಬರ್ 8ಕ್ಕೆ, ಮೆಕ್ಸಿಕೋದ ಲಾರಿಗಳು ಗಡಿ ದಾಟಿದ ದಿನವೇ, ಸರ್ಕಾರಿ ಹಣದ ಕಾಮಗಾರಿಗಳಲ್ಲಿ ಸ್ಥಳೀಯ ದರದ ಕೂಲಿ ಕೊಡಬೇಕೆನ್ನುವ ಕಾಯ್ದೆಯನ್ನು ಅಮೆರಿಕದ ಅಧ್ಯಕ್ಷರು ಈ ಪ್ರದೇಶದಲ್ಲಿ ಅಮಾನತಿನಲ್ಲಿಟ್ಟರು. ಅದು ಮರಳಿ ಬಂದದ್ದು ನವೆಂಬರಿನಲ್ಲಿ. ದುಡಿದ ಕೂಲಿ ಕೈಗೆ ಬಾರದೆ ಅಲೆದವರು ಎಷ್ಟೋ ಜನ, ದಾಖಲೆ ಇಲ್ಲದವರು ದೂರು ಕೊಡಲೂ ಹೆದರಿದರು. ಕೆಲಸದ ಜಾಗಗಳ ಪಕ್ಕದಲ್ಲಿ ಅವರಿಗೆ ಬಿಸಿ ಊಟ ಸಿಗುತ್ತಿದ್ದದ್ದು ಮೆಕ್ಸಿಕೋದ ರೊಟ್ಟಿ ತಿನಿಸು ಮಾರುವ ಟಾಕೋ ಗಾಡಿಗಳಲ್ಲಿ. ನ್ಯೂ ಆರ್ಲಿಯನ್ಸ್ ಪಕ್ಕದ ಜೆಫರ್ಸನ್ ಪ್ಯಾರಿಷಿನ ಆಡಳಿತ 2007ರಲ್ಲಿ ಆ ಗಾಡಿಗಳು ನಿಲ್ಲಲಾಗದಂಥ ನಿಯಮ ತಂದಿತು. ಸ್ಯಾನ್ ಆಂಟೋನಿಯೊದಲ್ಲಿ ಮೆಕ್ಸಿಕೋದ ಅಡುಗೆಮನೆಯ ಮುಂದೆ ಜನ ತಟ್ಟೆ ಹಿಡಿದು ನಿಂತು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.