ಪೂಜಾರಿಯ ಕಡೆಯ ಮಾತನ್ನೂ ಸ್ವಲ್ಪ ಕೇಳಿ

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ಗಾದೆ ಕಟ್ಟಿದವರು ಪೂಜಾರಿಯನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ಆ ಪೂಜಾರಿ ನಾನೇ. ಸಮುದಾಯದ ಆರೋಗ್ಯಕ್ಕೆ ಅಂತಲೇ ಹುಟ್ಟಿದ ಒಂದು ಪ್ರತಿಷ್ಠಾನದಲ್ಲಿ ಅನುದಾನ ವಿಭಾಗದ ಮುಖ್ಯಸ್ಥ. ದುಡ್ಡು ಬೇರೆಯವರದ್ದು, ಕಾಯಿಲೆ ಬೇರೆಯವರದ್ದು, ಕೆಲಸ ಮಾಡುವವರೂ ಬೇರೆಯವರು. ನನ್ನದು ನಾಯಕತ್ವ.

ಈ ಕುರ್ಚಿಗೆ ಬಂದ ಮೇಲೆ ನನ್ನ ಬುದ್ಧಿ ಬಹಳ ಚುರುಕಾಗಿದೆ. ಮೊದಲು ನಾನು ಜೋಕು ಹೇಳಿದರೆ ಮನೆಯಲ್ಲಿ ಹೆಂಡತಿ ಕೂಡ ನಗುತ್ತಿರಲಿಲ್ಲ. ಈಗ ನಾನು ಸುಮ್ನೆ ಕೆಮ್ಮಿದರೂ ಎದುರಿಗೆ ಕೂತ ಸಂಸ್ಥೆಯವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಹೆಂಡತಿ ಈಗಲೂ ನಗುವುದಿಲ್ಲ. ಅವಳು ಅರ್ಜಿ ಹಾಕಿಲ್ಲ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವುದು ಕೈಸಾಲಕ್ಕೆ ಮಾತ್ರ ಹೊಂದುವ ಗಾದೆ. ಅನುದಾನದಲ್ಲಿ ಕೊಡುವವನೇ ಈರಭದ್ರ. ಇಸ್ಕೊಂಡವನು ವರ್ಷಕ್ಕೆ ನಾಲ್ಕು ಸಲ ಕುಣಿದು ತೋರಿಸಬೇಕು, ಅದೂ ತ್ರೈಮಾಸಿಕ ಮುಗಿದ ಹದಿನೈದು ದಿನದೊಳಗೆ, ನಮ್ಮದೇ ನಮೂನೆಯಲ್ಲಿ.

ನಮ್ಮ ಅರ್ಜಿ 42 ಪುಟ. ಮೊದಲು 12 ಇತ್ತು. ಸಣ್ಣ ಸಂಸ್ಥೆಗಳಿಗೆ ಕಷ್ಟ ಅಂತ ದೂರು ಬಂತು, ಸರಳಗೊಳಿಸಲು ಸಮಿತಿ ಮಾಡಿದೆವು. ಸಮಿತಿ ಸರಳಗೊಳಿಸಿದ ಮೇಲೆ 42 ಆಯಿತು. 17ನೇ ಪುಟದಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮ ಪ್ರದೇಶದ ಜನ ಯಾಕೆ ಕಾಯಿಲೆ ಬೀಳುತ್ತಾರೆ? 250 ಅಕ್ಷರ ಮೀರಬಾರದು, ಪದಗಳ ನಡುವಿನ ಜಾಗವೂ ಲೆಕ್ಕಕ್ಕೆ. ಒಬ್ಬರು 'ಬಡತನ' ಅಂತ ಒಂದೇ ಪದ ಬರೆದಿದ್ದರು. ಉತ್ತರ ಅಪೂರ್ಣ ಅಂತ ಸಾಫ್ಟ್‌ವೇರ್ ವಾಪಸ್ ಕಳಿಸಿತು. ಕನಿಷ್ಠ 200 ಅಕ್ಷರ ಬೇಕಿತ್ತು.

ಆಮೇಲೆ ಲಾಗ್‌ಫ್ರೇಮ್. 1969ರ ಸುಮಾರಿಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿಗಾಗಿ ತಯಾರಾದ, ಯೋಜನೆಯ ಗುರಿ, ಅಳತೆಗಳನ್ನೆಲ್ಲ ತುಂಬಬೇಕಾದ ಕೋಷ್ಟಕ ಇದು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು ಹದಿನಾರು ಮನೆ. ಚೌಕಾಬಾರದಲ್ಲಾದರೂ ಕಾಯಿ ಹಣ್ಣಾಗುತ್ತದೆ, ಇದರಲ್ಲಿ ಅದೂ ಇಲ್ಲ. ಕೊನೆಯ ಕಂಬಸಾಲಿನ ಹೆಸರು 'ಊಹೆಗಳು'. ನಿಜವಾದ ಬದುಕನ್ನೆಲ್ಲ ಗುಡಿಸಿ ಆ ಸಾಲಿಗೆ ಹಾಕಬೇಕು. ಔಷಧ ಸಮಯಕ್ಕೆ ಬರುತ್ತದೆ. ಬಸ್ಸು ಓಡಾಡುತ್ತದೆ. ಸಂಬಳ ಇಲ್ಲದಿದ್ದರೂ ಸಿಸ್ಟರ್ ಕೆಲಸ ಬಿಡುವುದಿಲ್ಲ. ಇಷ್ಟನ್ನು ಊಹಿಸಿಕೊಂಡರೆ ಉಳಿದ ಹನ್ನೆರಡು ಮನೆ ತುಂಬುವುದು ಕಷ್ಟವೇ ಅಲ್ಲ.

ಓವರ್‌ಹೆಡ್ ಅನ್ನುವ ಪದ ಕೇಳಿದರೆ ನಮ್ಮ ಬೋರ್ಡಿಗೆ ಮೈಯೆಲ್ಲ ಉರಿ. ಕಚೇರಿ ಬಾಡಿಗೆ, ಕರೆಂಟು ಬಿಲ್ಲು, ಲೆಕ್ಕ ಬರೆಯುವವರ ಸಂಬಳ, ಇವೆಲ್ಲ ಓವರ್‌ಹೆಡ್. ನೂರಕ್ಕೆ 10ರ ಮೇಲೆ ಒಂದು ಕಾಸೂ ಕೊಡುವುದಿಲ್ಲ. ಲೆಕ್ಕ ಮಾತ್ರ ಕಾಸುಕಾಸಿಗೂ ಬೇಕು. ಅಂದರೆ ಲೆಕ್ಕ ಬೇಕು, ಲೆಕ್ಕಿಗ ಬೇಡ. ಅಮೆರಿಕದ ಸರ್ಕಾರ ಕೂಡ ಬೇರೆ ದರ ಗೊತ್ತುಮಾಡಿಕೊಳ್ಳದ ಸಂಸ್ಥೆಗಳಿಗೆ 2014ರಿಂದ ಇದೇ 10 ಇಟ್ಟಿತ್ತು. 2024ರಲ್ಲಿ ಅದನ್ನು 15ಕ್ಕೆ ಏರಿಸಿತು. "ಸರ್ಕಾರಕ್ಕೇ ಕರುಣೆ ಬಂತಲ್ಲ ಸರ್" ಅಂತ ಒಬ್ಬರು ಮೆಲ್ಲಗೆ ಕೇಳಿದರು. ಕರುಣೆ ಸರ್ಕಾರದ ಇಲಾಖೆ, ನಮ್ಮದು ದಾನ ಅಂದೆ. ಅವರು ನಕ್ಕು ಬರೆದುಕೊಂಡರು.

ಹಾಗಾದರೆ ನಮ್ಮ ಕಚೇರಿಯ ಬಾಡಿಗೆ? ಅದು ಓವರ್‌ಹೆಡ್ ಹೇಗಾಗುತ್ತದೆ? ಅದು ಸ್ಟ್ರಾಟಜಿ.

ಅಮೆರಿಕದ ಕಾನೂನಿನ ಇನ್ನೊಂದು ಅಂಕಿ ನಮ್ಮವರಿಗೆ ಬಹಳ ಹಿಡಿಸಿದೆ. ಅಲ್ಲಿಯ ಖಾಸಗಿ ಪ್ರತಿಷ್ಠಾನಗಳು ತಮ್ಮ ಹೂಡಿಕೆಯ ಆಸ್ತಿಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 5ರಷ್ಟನ್ನಾದರೂ ಕೊಡಬೇಕು. ಅನುದಾನ ಹಂಚಲು ಆಗುವ ಕಚೇರಿ ಖರ್ಚನ್ನೂ ಅದರಲ್ಲೇ ಸೇರಿಸಿಕೊಳ್ಳಬಹುದು. ಆ ಕಾನೂನು ನಮಗೆ ಅನ್ವಯಿಸುವುದಿಲ್ಲ. ಆದರೂ ಒಳ್ಳೆಯದು ಎಲ್ಲಿದ್ದರೂ ಕಲಿಯಬೇಕು, ಅಲ್ವಾ? 'ಕನಿಷ್ಠ' ಅಂತ ಬರೆದದ್ದನ್ನು 'ಗರಿಷ್ಠ' ಅಂತ ಓದಿಕೊಂಡು ನಾವೂ 5ಕ್ಕೇ ನಿಂತೆವು. ಉಳಿದ 95 ಶೇರುಪೇಟೆಯಲ್ಲಿ ಬೆಳೆಯುತ್ತಿದೆ, ಅದರಲ್ಲಿ ಒಂದು ಪಾಲು ಸಿಗರೇಟು ಕಂಪನಿಯದ್ದು. ಆ ಲಾಭಾಂಶದಲ್ಲೇ ಶ್ವಾಸಕೋಶದ ತಪಾಸಣಾ ಶಿಬಿರ ನಡೆಸುತ್ತೇವೆ. ಯೋಜನೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅಂತ ಎಲ್ಲರಿಗೂ ಬುದ್ಧಿ ಹೇಳುತ್ತೇವಲ್ಲ, ಇದು ನಿಂತಿದೆ ನೋಡಿ.

ನನಗೆ ಆಗಾಗ ಒಂದು ಕೆಟ್ಟ ಕನಸು ಬೀಳುತ್ತದೆ. 1971, ಬಾಂಗ್ಲಾ ಯುದ್ಧದ ಕಾಲ. ಗಡಿಯ ಈಚೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರು, ಅವರ ನಡುವೆ ಕಾಲರಾ. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿದೆ. ಡಾ. ದಿಲೀಪ್ ಮಹಲನಬಿಸ್ ಅನ್ನುವ ವೈದ್ಯರು ಗ್ಲೂಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದಲ್ಲಿ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಷ್ಟು ಇತಿಹಾಸ. ಇಲ್ಲಿಂದ ಮುಂದೆ ನನ್ನ ಕನಸು. ಅವರು ಡ್ರಮ್ಮಿಗೆ ಕೈಹಾಕುವ ಮೊದಲು ನಮ್ಮಲ್ಲಿ ಅರ್ಜಿ ಹಾಕಿರುತ್ತಾರೆ. ನಾನು ಸಂದರ್ಶನ ಮಾಡುತ್ತಿರುತ್ತೇನೆ.

"ಇದರಲ್ಲಿ ಇನೋವೇಶನ್ ಏನು ಡಾಕ್ಟರೇ?"

"ಉಪ್ಪು, ಗ್ಲೂಕೋಸು, ನೀರು."

"ನೀರು ಈಗಾಗಲೇ ಇದೆಯಲ್ಲ. ಹೋಗಲಿ, ಜಾರಿ ಮಾಡುವ ಪಾಲುದಾರರು ಯಾರು?"

"ರೋಗಿಯ ಅಮ್ಮ."

"ಅವರ ನೋಂದಣಿ ಪತ್ರ, ಮೂರು ವರ್ಷದ ಆಡಿಟ್ ವರದಿ ಲಗತ್ತಿಸಿಲ್ಲ. ಹೋಲಿಕೆಗೆ ಅಂತ ಏನೂ ಕುಡಿಸದೆ ಬಿಟ್ಟ ಕಂಟ್ರೋಲ್ ಗುಂಪು ಎಲ್ಲಿದೆ?"

"ಅವರಿಗೂ ಕುಡಿಸಿಬಿಟ್ಟೆ."

"ಮೂರು ವರ್ಷ ಆದಮೇಲೆ ಈ ಶಿಬಿರ ಹೇಗೆ ನಡೆಯುತ್ತದೆ?"

"ಮೂರು ವರ್ಷ ಆದಮೇಲೆ ಈ ಶಿಬಿರವೇ ಇರಬಾರದು ಅಂತ ಆಸೆ ಸರ್."

"ನೋಡಿ, ನೀವು ಮಾರ್ಕ್ಸು ಕಳೆದುಕೊಂಡಿದ್ದೇ ಇಲ್ಲಿ."

ನೂರಕ್ಕೆ 31 ಕೊಡುತ್ತೇನೆ. ಬೆವತು ಎದ್ದು ಕೂರುತ್ತೇನೆ. ಭಯ ಏನು ಅಂದರೆ, ಎಚ್ಚರ ಆಗಿ ನೀರು ಕುಡಿದ ಮೇಲೆ ಕೂಡ ಮಾರ್ಕ್ಸು ಸರಿಯಾಗಿಯೇ ಇದೆ ಅನ್ನಿಸುತ್ತದೆ. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ನಮ್ಮ ಸಮಿತಿಯಾದರೆ ಅಷ್ಟು ಬೇಗ ತೀರ್ಮಾನಕ್ಕೆ ಬರುತ್ತಿರಲಿಲ್ಲ.

ಸಮುದಾಯದ ಮಾತು ಕೇಳುವುದಿಲ್ಲ ಅಂತ ನಮ್ಮ ಮೇಲೆ ಒಂದು ಆಪಾದನೆ ಇದೆ. ಸುಳ್ಳು. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ-ಅಟಾ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ ನಡೆಸಿದ ಸಮ್ಮೇಳನದಲ್ಲೇ ಘೋಷಣೆ ಆಗಿದೆ. ತಮ್ಮ ಆರೋಗ್ಯದ ಯೋಜನೆ ಮಾಡುವಲ್ಲಿ, ಜಾರಿ ಮಾಡುವಲ್ಲಿ ಭಾಗವಹಿಸುವುದು ಜನರ ಹಕ್ಕು, ಕರ್ತವ್ಯ ಕೂಡ. ಅದರ ಚೌಕಟ್ಟು ಹಾಕಿದ ಪ್ರತಿ ನಮ್ಮ ಮೀಟಿಂಗ್ ಕೋಣೆಯಲ್ಲಿ ನೇತಾಡುತ್ತಿದೆ. ಅದರ ಕೆಳಗೇ ಒಬ್ಬ ಸಮುದಾಯ ಪ್ರತಿನಿಧಿಗೆ ಕುರ್ಚಿ. ಆಯಮ್ಮ ಎರಡು ಬಸ್ಸು ಬದಲಿಸಿ ಬರುತ್ತಾರೆ. ಅಜೆಂಡಾದಲ್ಲಿ 9ನೇ ವಿಷಯ, 'ಸಮುದಾಯದ ಧ್ವನಿ, 5 ನಿಮಿಷ'. ಎಂಟನೆಯದು ಲೋಗೋದ ಬಣ್ಣ. ಅದು ಯಾವತ್ತೂ ಹೊತ್ತಿಗೆ ಮುಗಿಯುವುದಿಲ್ಲ. ಹಾಗಾಗಿ ಆ 5 ನಿಮಿಷದಲ್ಲಿ ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತೇವೆ. ಆಯಮ್ಮ ನಡುವೆ ನಿಲ್ಲುತ್ತಾರೆ. ಬಸ್ ಚಾರ್ಜು ಮುಂದಿನ ಮೀಟಿಂಗ್‌ನಲ್ಲಿ, ಟಿಕೆಟ್ ತೋರಿಸಿದರೆ.

ಅಲ್ಮಾ-ಅಟಾದ ಕಥೆ ಮುಂದೇನಾಯಿತು ಅನ್ನುವುದು ನಮ್ಮ ಕಸುಬಿನವರಿಗೆ ಹೆಚ್ಚು ಪ್ರಿಯ. ಮರುವರ್ಷವೇ, 1979ರಲ್ಲಿ, ಇಟಲಿಯ ಬೆಲ್ಲಾಜಿಯೋದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಒಂದು ಸಭೆ ಸೇರಿಸಿತು. ಸುತ್ತ ಸರೋವರ, ಬೆಟ್ಟ. ಎಲ್ಲರಿಗೂ ಎಲ್ಲ ಆರೋಗ್ಯ ಅಂದರೆ ಕೈಗೆಟುಕದ ಮಾತು, ಖರ್ಚು ಕಡಿಮೆಯಾಗಿ ಅಳತೆಗೆ ಸಿಗುವ ಕೆಲವು ಕೆಲಸ ಆರಿಸಿಕೊಳ್ಳೋಣ ಅನ್ನುವ ವಾದ ಅಲ್ಲಿ ಕುದುರಿತು. ಮುಂದೆ ಯುನಿಸೆಫ್ ನಾಲ್ಕನ್ನು ಎತ್ತಿಹಿಡಿಯಿತು: ಮಗುವಿನ ಬೆಳವಣಿಗೆ ನೋಡುವುದು, ಓಆರ್‌ಎಸ್, ಎದೆಹಾಲು, ಲಸಿಕೆ. ಇಂಗ್ಲಿಷಿನ ಮೊದಲಕ್ಷರ ಕೂಡಿಸಿದರೆ 'ಗೋಬಿ', ನಿಜವಾಗಿಯೂ ಅದೇ ಹೆಸರು. ಇವುಗಳಿಂದ ಎಷ್ಟೋ ಮಕ್ಕಳ ಜೀವ ಉಳಿಯಿತು, ಅದರಲ್ಲಿ ಅನುಮಾನ ಇಲ್ಲ. ನಮ್ಮಂಥವರಿಗೆ ಅದರಿಂದ ದಕ್ಕಿದ ಪಾಠ ಮಾತ್ರ ಬೇರೆ. ಎಣಿಸಲು ಬಂದರೆ ಅದು ಆರೋಗ್ಯ. ಎಣಿಸಲು ಬರದಿದ್ದರೆ ಅದು ಇನ್ನೊಂದು ಪ್ರತಿಷ್ಠಾನದ ಕೆಲಸ.

ಅದಕ್ಕೇ ನಾನು ಮಗುವಿನ ತೂಕ ಹಿಡಿದುಕೊಂಡೆ.

ನಮ್ಮ ಅನುದಾನ ಪಡೆದ ಒಂದು ಸಣ್ಣ ಕ್ಲಿನಿಕ್ಕಿಗೆ ಭೇಟಿ ಕೊಟ್ಟಿದ್ದೆ. ಒಂದೇ ಕೋಣೆ. ತೊಲೆಯಿಂದ ತೂಕದ ಯಂತ್ರ ನೇತು ಹಾಕಿದ್ದರು, ಗಡಿಯಾರದಂಥ ದುಂಡು ಮುಖದ್ದು, ಕೆಳಗೆ ಮಗುವನ್ನು ಕೂರಿಸುವ ಬಟ್ಟೆಯ ಚೀಲ. ಚೀಲ ಖಾಲಿ ಇದ್ದರೂ ಮುಳ್ಳು 400 ಗ್ರಾಂನಲ್ಲಿ ನಿಂತಿತ್ತು. ಸಿಸ್ಟರ್ ಬೆರಳಿನಿಂದ ಎರಡು ಸಲ ಗಾಜು ತಟ್ಟಿದರು. ಮುಳ್ಳು ನಡುಗಿ ಮತ್ತೆ ಅಲ್ಲೇ ನಿಂತಿತು.

"ಸೊನ್ನೆಗೆ ತರುವ ತಿರುಪು ಸವೆದುಹೋಗಿದೆ ಸರ್. ನಾನು ಪ್ರತಿ ಸಲ 400 ಕಳೆದು ಬರೆಯುತ್ತೇನೆ." ರಿಜಿಸ್ಟರ್ ತೆರೆದು ತೋರಿಸಿದರು. ದುಂಡನೆಯ ಅಕ್ಷರ, ಕೆಂಪು ಶಾಯಿಯಲ್ಲಿ ಗೆರೆ. ಪ್ರತಿ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಕಳೆಯುವ ಲೆಕ್ಕ, ಅದರ ಪಕ್ಕ ಪೆನ್ನಿನಲ್ಲಿ ತೂಕ. "ಒಂದು ಹೊಸ ಯಂತ್ರ ಸಿಕ್ಕಿದರೆ... ಮತ್ತೆ ನನ್ನ ಮೂರು ತಿಂಗಳ ಸಂಬಳ..."

"ಸಿಸ್ಟರ್, ಸಲಕರಣೆ ಕೊಳ್ಳುವುದು ನಮ್ಮ ನೀತಿಯಲ್ಲಿಲ್ಲ. ಸಂಬಳ ಅಂದರೆ ಪ್ರತಿ ತಿಂಗಳೂ ಬರುವ ಖರ್ಚು. ಅದನ್ನು ಕೊಟ್ಟರೆ ನೀವು ನಮ್ಮ ಮೇಲೆ ಅವಲಂಬಿತರಾಗಿಬಿಡುತ್ತೀರಿ. ಅದು ನಿಮಗೇ ಒಳ್ಳೆಯದಲ್ಲ."

"ಮನೆ ಓನರ್ ಮೇಲೆ ಆಗಲೇ ಅವಲಂಬಿತಳಾಗಿದ್ದೀನಿ ಸರ್" ಅಂದರು. ಒಳ್ಳೆಯ ಮಾತು. ವಾರ್ಷಿಕ ವರದಿಯಲ್ಲಿ ಹಾಕಿಕೊಳ್ಳಬಹುದಾ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡೆ.

ಬರಿಗೈಯಲ್ಲಿ ಬಂದೆ ಅಂತ ತಿಳಿಯಬೇಡಿ. ಆ ಕ್ಲಿನಿಕ್ಕಿಗೆ ನಾವು ಒಂದು ಟ್ಯಾಬ್ಲೆಟ್ ಕೊಟ್ಟೆವು, ನುಂಗುವುದಲ್ಲ, ಒತ್ತುವುದು. ಅದರಲ್ಲಿ ಕೃತಕ ಬುದ್ಧಿಮತ್ತೆಯ ಆ್ಯಪ್. ಯಂತ್ರದ ಮುಖದ ಫೋಟೋ ತೆಗೆದರೆ ಸಾಕು, ಮುಳ್ಳು ಎಲ್ಲಿದೆ ಅಂತ ತಾನೇ ಓದಿ ನೇರವಾಗಿ ನಮ್ಮ ಡ್ಯಾಶ್‌ಬೋರ್ಡಿಗೆ ಕಳಿಸುತ್ತದೆ. ಕೈಬರಹ ಬೇಡ, ಪೆನ್ಸಿಲ್ ಬೇಡ. ಮನುಷ್ಯರ ತಪ್ಪಿಗೆ ಅವಕಾಶವೇ ಇಲ್ಲ. ಈ ಆ್ಯಪ್ ಮಾಡಿಸಿದ ದುಡ್ಡಿನಲ್ಲಿ ಎಷ್ಟು ತೂಕದ ಯಂತ್ರ ಬರುತ್ತಿತ್ತು ಅಂತ ಹೊಸದಾಗಿ ಸೇರಿದ ಹುಡುಗನೊಬ್ಬ ಲೆಕ್ಕ ಹಾಕುತ್ತಿದ್ದ. ಅವನನ್ನು ಲೋಗೋ ಸಮಿತಿಗೆ ಹಾಕಿದೆ.

ಸಿಸ್ಟರ್ ಎರಡು ಸಲ ಫೋನ್ ಮಾಡಿದರು. ಆ್ಯಪಿನಲ್ಲಿ 400 ಕಳೆಯುವ ಜಾಗ ಎಲ್ಲಿದೆ ಅಂತ ಕೇಳಿದರು. ಅಂಥ ಜಾಗ ಇಲ್ಲ, ಡೇಟಾ ತಿದ್ದಿದರೆ ಅಪರಾಧ ಅಂತ ನಮ್ಮ ತಾಂತ್ರಿಕ ತಂಡ ವಿನಯದಿಂದಲೇ ತಿಳಿಸಿತು.

ಇತ್ತೀಚೆಗೆ ನನಗೆ ನಿಜವಾಗಿ ದಿಗಿಲು ಹುಟ್ಟಿಸಿರುವುದು ಮೆಕೆಂಜಿ ಸ್ಕಾಟ್ ಅನ್ನುವ ಅಮೆರಿಕದ ಶ್ರೀಮಂತೆ. ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ದುಡ್ಡು ಕೊಟ್ಟಿದ್ದಾರೆ. ಬಹಳಷ್ಟು ಸಂಸ್ಥೆಗಳು ಅರ್ಜಿಯನ್ನೇ ಹಾಕಿರಲಿಲ್ಲ. ನಿಮಗೆ ಸರಿ ಕಂಡಂತೆ ಖರ್ಚು ಮಾಡಿ ಅಂದರಂತೆ. ಬಾಡಿಗೆಗೂ ಬಳಸಬಹುದು, ಸಂಬಳಕ್ಕೂ ಬಳಸಬಹುದು. ಹೀಗೆ ಎಲ್ಲರೂ ಶುರು ಮಾಡಿದರೆ ನನ್ನ ಕೆಳಗಿರುವ ಹನ್ನೊಂದು ಜನ ಏನು ಪರಿಶೀಲಿಸಬೇಕು? ಸಂಸ್ಥೆಗಳನ್ನು ನಂಬುವುದರಿಂದ ಆಗುವ ನಿರುದ್ಯೋಗದ ಬಗ್ಗೆ ಯಾರೂ ಅಧ್ಯಯನ ಮಾಡುತ್ತಿಲ್ಲ. ಅದಕ್ಕೆ ಅನುದಾನ ಕೊಡುವ ಯೋಚನೆ ಇದೆ.

ಇರಲಿ, ನಮ್ಮ ಫಲಿತಾಂಶವೇ ನಮ್ಮ ಪರವಾಗಿ ಮಾತಾಡಿತು. ಯೋಜನೆಗೆ ಮೊದಲು ಸಿಸ್ಟರ್ ಪೆನ್ಸಿಲ್ಲಿನಲ್ಲಿ ಕಳೆದು ಬರೆದ ತೂಕ ಒಂದು ಕಡೆ, ಆ್ಯಪ್ ಬಂದ ಮೇಲಿನ ತೂಕ ಇನ್ನೊಂದು ಕಡೆ. ಡ್ಯಾಶ್‌ಬೋರ್ಡಿನ ಗೆರೆ ಒಂದೇ ತಿಂಗಳಲ್ಲಿ ಮೇಲಕ್ಕೆ ಹಾರಿತು. ಎಲ್ಲ ವಯಸ್ಸಿನ ಮಕ್ಕಳಲ್ಲೂ, ಹುಡುಗ ಹುಡುಗಿ ಭೇದ ಇಲ್ಲದೆ, ಅವತ್ತು ತಾನೇ ಹುಟ್ಟಿದ ಕೂಸಿನಲ್ಲೂ ಒಂದೇ ಸಮನೆ ಏರಿಕೆ. ಇಷ್ಟು ಸಮಾನತೆ ನಾನು ಯಾವ ಯೋಜನೆಯಲ್ಲೂ ಕಂಡಿರಲಿಲ್ಲ. ಮುಂದಿನ ವರ್ಷ ನೂರು ಕ್ಲಿನಿಕ್ಕಿಗೆ ವಿಸ್ತರಿಸಲು ಬೋರ್ಡಿನ ಮುಂದೆ ಪ್ರಸ್ತಾವ ಇಟ್ಟೆ. ವಾರ್ಷಿಕ ವರದಿಯ ಮುಖಪುಟಕ್ಕೆ ಆ ಕ್ಲಿನಿಕ್ಕಿನದೇ ಫೋಟೋ. ಕಿಟಕಿಯಿಂದ ಬೆಳಕು ಬೀಳುತ್ತಿರುವ, ಖಾಲಿ ಚೀಲ ನೇತಾಡುತ್ತಿರುವ ತೂಕದ ಯಂತ್ರ. ಸಿಸ್ಟರ್ ಇರಲಿಲ್ಲ, ಕೆಲಸ ಬಿಟ್ಟಿದ್ದರು.

ಚೇರ್ಮನ್ನರು ಕನ್ನಡಕ ಏರಿಸಿ ಮುಖಪುಟವನ್ನು ಬಹಳ ಹೊತ್ತು ನೋಡಿದರು.

"ಅಲ್ಲ ಕಣ್ರೀ, ಚೀಲದಲ್ಲಿ ಮಗುವೇ ಇಲ್ಲ. ಮುಳ್ಳು ಯಾಕೆ ನಾನೂರಕ್ಕೆ ನಿಂತಿದೆ?"

"ಅದೇ ಸರ್, ನಮ್ಮ ಇಂಪ್ಯಾಕ್ಟು" ಅಂದೆ.