ಸೀಮಂತದ ರವಿಕೆಯೂ ಲೀನಾಳ ಎಲಾಸ್ಟಿಕ್ಕೂ

ಊರಿನಿಂದ ಹೊಲಿಸಿ ತರಿಸಿದ ಸೀಮಂತದ ರವಿಕೆ ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಸರಿಯಾಗಿ ಕೂರುವುದು ಅಪರೂಪ. ಹಸಿರು ಸೀರೆ ಬಂದಿರುತ್ತೆ, ಬಳೆ ಬಂದಿರುತ್ತೆ, ರವಿಕೆಯ ಹುಕ್ಕು ಮಾತ್ರ ಕೂಡೋದಿಲ್ಲ. ಟೈಲರ್‌ಗೆ ಕೊಟ್ಟದ್ದು ಮದುವೆ ಕಾಲದ ಅಳತೆ ರವಿಕೆ, ತೊಡಬೇಕಾದ್ದು ಏಳನೇ ತಿಂಗಳಲ್ಲಿ. ಫೋನ್ ಮಾಡಿದರೆ, "ಒಳಗೆ ಬಟ್ಟೆ ಬಿಟ್ಟಿದೀನಿ ಮೇಡಂ, ಬಿಚ್ಕೊಳ್ಳಿ" ಅನ್ನುತ್ತಾರೆ.

ಬಿಚ್ಚಿದರೆ ಎಷ್ಟು ಸಿಗುತ್ತೆ? ಪಕ್ಕದ ಹೊಲಿಗೆಯಲ್ಲಿ ಮುಂದೊಂದು, ಹಿಂದೊಂದು ಇಂಚು ಬಿಟ್ಟಿದ್ದರೂ ಹೊಸ ಹೊಲಿಗೆಗೆ ಅರ್ಧರ್ಧ ಇಂಚು ಉಳಿಸಬೇಕು. ಎರಡೂ ಪಕ್ಕ ಸೇರಿ ದಕ್ಕುವುದು 2 ಇಂಚು. ತೋಳಿನ ಒಳಗೂ ಅಷ್ಟೇ ಬಿಟ್ಟಿರದಿದ್ದರೆ ಕಂಕುಳಲ್ಲಿ ಅಂಚುಗಳು ಸೇರೋದಿಲ್ಲ. ಎದೆಯ ಆಕಾರಕ್ಕೆ ಹಿಡಿದು ಹೊಲಿದ ಮಡಿಕೆ, ಅಂದರೆ ಟಕ್ಸ್, ಇದ್ದಲ್ಲೇ ಇರುವುದರಿಂದ ಎದೆಯ ಎಳೆತವೂ ಹೋಗದು. ರೇಷ್ಮೆಯಾದರೆ ಹಳೆಯ ಸೂಜಿತೂತುಗಳ ಸಾಲು ಎದ್ದು ಕಾಣುತ್ತೆ.

ಮೈ ಬದಲಾಗುತ್ತೆ ಎಂಬುದನ್ನು ಹೊಲಿಯುವ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡವಳು ಲೀನಾ ಹಿಮ್ಮೆಲ್‌ಸ್ಟೀನ್. ಲಿಥುವೇನಿಯಾದಿಂದ 1895ರಲ್ಲಿ ನ್ಯೂಯಾರ್ಕಿಗೆ ಬಂದ ಯಹೂದಿ ಹುಡುಗಿ, ವಾರಕ್ಕೆ 1 ಡಾಲರ್ ಕೂಲಿಗೆ ಹೊಲಿಗೆಗೆ ಕೂತವಳು. ಗಂಡ ಡೇವಿಡ್ ಬ್ರಯಂಟ್ ಸತ್ತಾಗ ಕೈಯಲ್ಲಿ ಕೂಸು. ವಜ್ರದ ಓಲೆ ಅಡವಿಟ್ಟು ಹೊಲಿಗೆ ಮೆಷಿನ್ ಕೊಂಡು, 1904ರಲ್ಲಿ ಅಂಗಡಿ ತೆರೆದಳು. ಬ್ಯಾಂಕಿನ ಕಾಗದದಲ್ಲಿ 'ಲೀನಾ' ತಪ್ಪಾಗಿ 'ಲೇನ್' ಆಯಿತು. ಅಂಗಡಿಗೂ 'ಲೇನ್ ಬ್ರಯಂಟ್' ಎಂಬ ಹೆಸರೇ ನಿಂತಿತು.

ಬಸುರಿಯೊಬ್ಬಳು ಹೊರಗೆ ಹೋಗಲು ಒಪ್ಪುವಂಥ ಉಡುಪು ಕೇಳಿದಳು. ಲೀನಾ ಮೇಲಿನ ಭಾಗವನ್ನೂ ಸಣ್ಣ ಸಣ್ಣ ನೆರಿಗೆಯ ಲಂಗವನ್ನೂ ನಡುವಿನಲ್ಲಿ ಎಲಾಸ್ಟಿಕ್ ಪಟ್ಟಿಯಿಂದ ಸೇರಿಸಿದಳು. ಹೊಟ್ಟೆ ಬೆಳೆದಂತೆ ಪಟ್ಟಿ ಹಿಗ್ಗುತ್ತೆ, ನೆರಿಗೆ ಬಿಚ್ಚಿಕೊಳ್ಳುತ್ತೆ. ಬಸುರಿನ ಬಟ್ಟೆಯ ಜಾಹೀರಾತನ್ನು ಪತ್ರಿಕೆಗಳು ಮುಟ್ಟುತ್ತಿರಲಿಲ್ಲ. 1911ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಒಪ್ಪಿತು, ಮರುದಿನವೇ ಅಂಗಡಿಯ ಸರಕೆಲ್ಲ ಖಾಲಿ.

ಎರಡನೇ ಗಂಡ ಆಲ್ಬರ್ಟ್ ಮಾಲ್ಸಿನ್ ಎಂಜಿನಿಯರ್. ದಪ್ಪ ಮೈಯವರಿಗೆ ಸೈಜು ಕಟ್ಟಲು ಅಂಗಡಿಗೆ ಬಂದ ಸುಮಾರು 4,500 ಹೆಂಗಸರ ಅಳತೆ ತೆಗೆದು, ವಿಮಾ ಕಂಪನಿಯಿಂದ ಇನ್ನೂ ಸುಮಾರು 2 ಲಕ್ಷ ಮಂದಿಯ ಲೆಕ್ಕ ತರಿಸಿ ಕೂಡಿಸಿದರು. ನಮ್ಮಲ್ಲಿ ಇಂದಿಗೂ ಒಂದು ಹಳೇ ರವಿಕೆಯೇ ಅಳತೆ. ಏಳನೇ ತಿಂಗಳಿಗೆ ಅಂತ ಹೇಳಿ ಕೊಟ್ಟರೂ "ಸ್ವಲ್ಪ ಲೂಸ್ ಇಡ್ತೀನಿ" ಎಂಬಲ್ಲಿಗೆ ಮಾತು ಮುಗಿಯುತ್ತೆ. ಇದು ನನಗೆ ನಿಜಕ್ಕೂ ಬೇಸರ. ಕಂಕುಳ ಕೆಳಗೆ ಎರಡೂ ಪಕ್ಕ ಮೂರು ಬೆರಳಗಲದ ಹಿಗ್ಗುವ ಬಟ್ಟೆ ಕೂರಿಸುವುದು ಅರ್ಧ ಗಂಟೆಯ ಕೆಲಸ.

ಟೈಲರ್ ಒಳಗೆ ಬಟ್ಟೆಯನ್ನಾದರೂ ಬಿಡುತ್ತಾರೆ, ರೆಡಿಮೇಡ್‌ನಲ್ಲಿ ಬಿಚ್ಚಿಕೊಳ್ಳಲು ಅದೂ ಇರೋದಿಲ್ಲ ಅನ್ನೋದು ನಿಜ. ಅಂಚು ಕತ್ತರಿಸುತ್ತಲೇ ಹೊಲಿಯುವ ಓವರ್‌ಲಾಕ್ ಮೆಷಿನ್ ಅರ್ಧ ಇಂಚೂ ಉಳಿಸೋದಿಲ್ಲ. ಇನ್ನೊಂದನ್ನೂ ಒಪ್ಪಬೇಕು: ಲೀನಾ ಎಲಾಸ್ಟಿಕ್‌ನಿಂದ ಮಾಡಿದ್ದನ್ನು ನಮ್ಮ ಸೀರೆ ಯಾವ ಹೊಲಿಗೆಯೂ ಇಲ್ಲದೆ ಮಾಡುತ್ತಿತ್ತು. ಒಂಬತ್ತು ತಿಂಗಳೂ ಅದೇ ಸೀರೆ, ದಿನ ಹೋದಂತೆ ಒಂದೊಂದು ನೆರಿಗೆ ಕಡಿಮೆ.