91ಕ್ಕೆ ನಿಂತ ಮುಳ್ಳು

ನಮ್ಮ ಅಡುಗೆಮನೆಯ ರೇಡಿಯೊ ಬಂದ ವರ್ಷವೇ ನಾನು ಅದರ ಕಿವಿಯನ್ನು ಜೋರಾಗಿ ಹಿಂಡಿಬಿಟ್ಟೆ. ಒಳಗಿನ ದಾರ ಕಡಿದು ಮುಳ್ಳು 91ರಲ್ಲಿ ನಿಂತುಬಿಟ್ಟಿತು. ರಿಪೇರಿಯವನು ‘ಹೊಸದೇ ತಗೊಳ್ಳಿ ಸಾರ್’ ಅಂದ. ಅಮ್ಮ ಮಾತ್ರ, ‘ಹಾಡ್ತಾ ಇದೆಯಲ್ಲ, ಇರ್ಲಿ ಬಿಡು’ ಅಂದಳು. ಹಾಗಾಗಿ ನಾವು ಸ್ಟೇಷನ್ ಬದಲಿಸಿದವರಲ್ಲ. ಸ್ಟೇಷನ್ನೇ ಬದಲಾಗುತ್ತಾ ಹೋಯಿತು. ಮನೆ ನಂಬರು ಅದೇ, ಬಾಡಿಗೆಗೆ ಬಂದ ಹಾಡುಗಳು ಬೇರೆ ಬೇರೆ.

2001ರ ಜುಲೈ 3ರಂದು ಅಲ್ಲಿ ರೇಡಿಯೊ ಸಿಟಿ ಹಾಲು ಉಕ್ಕಿಸಿತ್ತು. ದೇಶದ ಮೊದಲ ಖಾಸಗಿ ಎಫ್‌ಎಂ, ಅದೂ ನಮ್ಮ ಬೆಂಗಳೂರಿನಲ್ಲಿ! ಆಗ ಇಂಗ್ಲಿಷು, ಹಿಂದಿ, ಎಲೆ ತುದಿಯ ಉಪ್ಪಿನಕಾಯಿಯಷ್ಟು ಕನ್ನಡ. ಆಕಾಶವಾಣಿಯ ಅಳೆದು ತೂಗಿದ ಮಾತು ಕೇಳಿ ಬೆಳೆದ ಅಮ್ಮನಿಗೆ ಆರ್‌ಜೆ ಹುಡುಗಿಯ ವೇಗ ಅರ್ಥವಾಗಲಿಲ್ಲ. ‘ಪಾಪ, ಬಸ್ಸಿಗೆ ಹೊತ್ತಾಯ್ತೇನೋ’ ಅಂತಿದ್ದಳು. ಮುಂದೆ ಮಹಡಿ ಮನೆಯ ರಾಯರದು 100.1ರ ಅಮೃತವರ್ಷಿಣಿ, ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಸ್ಟೇಷನ್. ಅವರ ಕಿಟಕಿಯಿಂದ ತೋಡಿ ರಾಗ ಇಳಿದುಬಂದು ನಮ್ಮ ಒಗ್ಗರಣೆ ಸದ್ದಿಗೂ ಸೀರೆ ಅಂಗಡಿ ಜಾಹೀರಾತಿಗೂ ಸಿಕ್ಕಿ ಒದ್ದಾಡುತ್ತಿತ್ತು.

ಹಾಡು ಬದಲಾಗುವುದು ಜನರ ಅಭಿರುಚಿಯಿಂದ ಎಂದು ನಂಬಿದ್ದೆ. ಲೆಕ್ಕದ ಪುಸ್ತಕಕ್ಕೂ ಅದರಲ್ಲಿ ಪಾಲಿದೆಯಂತೆ. ಖಾಸಗಿ ಎಫ್‌ಎಂನವರು ಸರ್ಕಾರಕ್ಕೆ ಕಟ್ಟಬೇಕಿದ್ದ ಮೊದಲ ಸುತ್ತಿನ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು, ನಮ್ಮ ಮನೆ ಓನರಿಗೂ ಅಷ್ಟು ಧೈರ್ಯವಿರಲಿಲ್ಲ. 2005ರಲ್ಲಿ ನಿಯಮ ಸಡಿಲಿಸಿ ವರ್ಷದ ಶುಲ್ಕವಾಗಿ ಆದಾಯದ ಶೇ. 4 ಕೊಟ್ಟರೆ ಸಾಕು ಎಂದಾಗ ಊರ ತುಂಬ ಸ್ಟೇಷನ್‌ಗಳು ಹುಟ್ಟಿಕೊಂಡವು. ಹೊಸ ಸ್ಟೇಷನ್ ರೇಡಿಯೊ ಮಿರ್ಚಿಯ ‘ಸಖತ್ ಹಾಟ್ ಮಗಾ’ ಘೋಷಣೆ ನನ್ನ ಕಿವಿಗೆ ಬಿದ್ದದ್ದು ಆಟೋದಲ್ಲಿ. ಮನೆಗೆ ಬಂದು ವರದಿ ಒಪ್ಪಿಸಿದರೆ, ‘ಯಾರ ಮಗ?’ ಎಂದಳು ಅಮ್ಮ.

2006ರ ಕೊನೆಗೆ ‘ಮುಂಗಾರು ಮಳೆ’ ಬಂತು. ಹಿಂದಿ ಹಾಡೇ ಯಾಕೆ ಅಂತ ಕನ್ನಡದವರು ಜಗಳ ತೆಗೆದದ್ದೂ ಸುಳ್ಳಲ್ಲ. ಆದರೆ ಆ ಸಿನಿಮಾ ಹಾಡುಗಳು ಜಗಳವಿಲ್ಲದೆ ಎಲ್ಲ ಸ್ಟೇಷನ್ನಿಗೂ ನುಗ್ಗಿದವು. ಆಟೋ, ದರ್ಶಿನಿ, ಕಟಿಂಗ್ ಶಾಪು, ಎಲ್ಲಿ ಹೋದರೂ ಮಳೆಯೇ. ನಮ್ಮ 91ರಲ್ಲೂ ಕನ್ನಡ ಬರಬರುತ್ತಾ ಎಲೆಯ ನಡುವಿಗೆ, ಅನ್ನದ ಜಾಗಕ್ಕೆ ಬಂದು ಕೂತಿತು. ಹುಡುಗಿಯ ಅವಸರ ಮಾತ್ರ ಹಾಗೇ ಉಳಿಯಿತು. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲವಾದ್ದರಿಂದ ಸಿಲ್ಕ್‌ಬೋರ್ಡಿನ ಟ್ರಾಫಿಕ್ಕೇ ನಮಗೆ ಮುಖ್ಯ ಸಮಾಚಾರ. ಮನೆಯಿಂದ ಹೊರಗೇ ಹೋಗದ ಅಮ್ಮ, ‘ಇವತ್ತು ಹೆಬ್ಬಾಳದ ಕಡೆ ಹೋಗ್ಬೇಡ’ ಅಂತ ನನಗೆ ಬುದ್ಧಿ ಹೇಳುತ್ತಾಳೆ.

ಒಂದೊಂದು ಸಲ ಪಕ್ಕದ 91.9ರಿಂದ ಇಂಡಿಗೊದ ಇಂಗ್ಲಿಷ್ ಹಾಡು ತೂರಿಬರುತ್ತದೆ. ಅಮ್ಮ ಹಿಟ್ಟಿನ ಕೈಯಲ್ಲೇ ರೇಡಿಯೊದ ತಲೆಗೊಂದು ಮೊಟಕುತ್ತಾಳೆ. ಮತ್ತೆ ಕನ್ನಡ.

ಮೊನ್ನೆ ರಾತ್ರಿ ಚಪಾತಿ ಬೇಯಿಸುವಾಗ ‘ಈಗ ಹಳೆಯ ಮಧುರ ಗೀತೆ’ ಎಂದರು. ಅಮ್ಮ ರಾಜ್‌ಕುಮಾರ್ ಹಾಡಿರಬೇಕೆಂದು ಒಲೆ ಸಣ್ಣ ಮಾಡಿ ಕಾದಳು. ಬಂದದ್ದು ಮುಂಗಾರು ಮಳೆಯದ್ದು. ಕೈಯಲ್ಲಿ ಇಕ್ಕಳ ಹಿಡಿದೇ ನನ್ನ ಕಡೆ ತಿರುಗಿದಳು:

‘ಇದು ಹೊಸ ಹಾಡಲ್ವೇನೋ?’

ತವೆಯ ಮೇಲಿನ ಚಪಾತಿ ಅಷ್ಟರಲ್ಲಿ ಸೀದಿತ್ತು.